ಮಾವ ಮತ್ತು ಹಿಂದಿನ ಬ್ರೇಕು

ನಮ್ಮ ಸೋದರಮಾವ ಮೋಟಾರ್ ಸೈಕಲ್ ತಗೊಂಡದ್ದು ಓಡಿಸೋದಕ್ಕಲ್ಲ ಸ್ವಾಮೀ, ನಿಲ್ಲಿಸೋದಕ್ಕೆ! ನಂಬೋದಿಲ್ಲ ಅಲ್ವೇ? ಎಪ್ಪತ್ತರ ದಶಕದ ಕೊನೆಯಲ್ಲಿ ಸಿಂಗಟಗೆರೆಯಲ್ಲಿ ಯಾರನ್ನು ಬೇಕಾದ್ರೂ ಕೇಳಬಹುದಿತ್ತು. ಉಳಿದವರು ತಮ್ಮ ಗಾಡಿ ಎಷ್ಟು ಜೋರಾಗಿ ಓಡುತ್ತೆ ಅಂತ ಮೆರೆದರೆ, ಈ ಮಹಾನುಭಾವರು "ನೋಡ್ರೀ, ಹೆಂಗೆ ನಿಲ್ತದೆ!" ಅಂತ ಮೆರೆಯೋರು. "ನಿಲ್ಲೋದೇ ಬೇಕಿದ್ರೆ ಒಂದು ಒರಳುಕಲ್ಲು ತಂದಿದ್ರೆ ಸಾಕಿತ್ತಲ್ಲೋ" ಅಂತ ಅಜ್ಜಿ ಗೊಣಗೋರು. ಅಜ್ಜಿ ಅಂದರೆ ಮಾವನ ಅವ್ವ. ಮಾವನಿಗೆ ಮದುವೆ ಆಗಿರಲಿಲ್ಲ. ಮನೆಯಲ್ಲಿ ಅವರಿಬ್ಬರು, ಜೊತೆಗೆ ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ನಾನು.

ಪ್ರತಿ ಸೋಮವಾರ ಶಿವಪೂಜೆ ಮುಗಿದ ಮೇಲೆ ಎರಡನೇ ಪೂಜೆ ಅಂಗಳದಲ್ಲಿ. ಗೋಣಿಚೀಲ ಹಾಸಿ, ಹಿಂದಿನ ಚಕ್ರ ಬಿಚ್ಚಿ, ಡ್ರಮ್ಮಿನೊಳಗಿಂದ ಅರ್ಧಚಂದ್ರದ ಹಾಗಿರೋ ಎರಡು ಬ್ರೇಕ್ ಶೂ ಈಚೆ ತೆಗೀತಿದ್ರು. ಧೂಳು ಕೊಡವೋದು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸೋದು, ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜೋದು. ಹಸುಗೂಸಿಗೆ ನೀರು ಹಾಕುವಾಗಲೂ ಯಾರೂ ಅಷ್ಟು ಜೋಪಾನ ಮಾಡಲ್ಲ!

"ಮಾವ, ಹೋದ ವಾರ ತಾನೇ ಬಿಚ್ಚಿದ್ರಲ್ಲ?" ಅಂದರೆ, "ಹೋದ ವಾರ ಉಂಡಿದ್ದೆ ಅಂತ ಈ ವಾರ ಊಟ ಬಿಡ್ತೀಯೇನೇ?" ಅನ್ನೋರು. ಇದಕ್ಕೇನು ಹೇಳ್ತೀರಿ?

ಅವರದ್ದೊಂದು ಸಿದ್ಧಾಂತ ಬೇರೆ. "ಮುಂದಿನ ಬ್ರೇಕು ಓಡಿಸೋನಿಗೆ ಕಣೇ. ಹಿಂದಿನದು ಹಿಂದೆ ಕೂತೋರಿಗೆ. ಅವರು ನಮ್ಮನ್ನ ನಂಬಿ ಕೂತಿರ್ತಾರೆ." ಸರಿ, ಇಷ್ಟೆಲ್ಲ ತಿಕ್ಕಿ ತೊಳೆದ ಮೇಲಾದರೂ ಧೈರ್ಯ ಬಂತೇ? ಎಲ್ಲಿಂದ ಬರಬೇಕು! ಎಮ್ಮೆದೊಡ್ಡಿ ಕಾವಲಿನ ಕಡೆ ಹೋಗುವಾಗ ಇಳಿಜಾರು ಕಂಡರೆ ಸಾಕು, ನನ್ನನ್ನು ಇಳಿಸಿ, ತಾವೂ ಇಳಿದು, ಹೋರಿ ಹಿಡಿದ ಹಾಗೆ ಹ್ಯಾಂಡಲ್ ಹಿಡಿದು ನಡೆಸಿಕೊಂಡು ಹೋಗೋರು. ದನ ಕಾಯೋನೊಬ್ಬ, "ಪೆಟ್ರೋಲ್ ಮುಗೀತಾ ಸ್ವಾಮಿ?" ಅಂದ. "ಇಲ್ಲಪ್ಪ, ಟ್ಯಾಂಕ್ ತುಂಬಾ ಅದೆ" ಅಂದ್ರು ಮಾವ. ಅವನು ನಮ್ಮನ್ನೊಮ್ಮೆ ನೋಡಿದ, ತನ್ನ ದನಗಳನ್ನೊಮ್ಮೆ ನೋಡಿದ, ಅವನ್ನ ಹೊಡ್ಕೊಂಡು ಹೊರಟ.

ಈ ಬ್ರೇಕಿನ ಹುಚ್ಚು ನಗುವ ವಿಷಯವಾಗಿ ಉಳಿಯಲಿಲ್ಲ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದು, ತಟ್ಟೆಯಲ್ಲಿ ಮುದ್ದೆ ಎಲ್ಲಿದೆ ಅಂತ ತಡಕುವ ಹಾಗಾಯ್ತು. ಅಜ್ಜಂಪುರದಲ್ಲಿ ಕಣ್ಣಿನ ಶಿಬಿರ ನಡೀತು. ಹೆಸರು ಬರೆಸಿಕೊಳ್ಳೋದು ಒಂದೇ ದಿನ. ಅಜ್ಜಿಗೋ ಬಸ್ಸಿನ ವಾಸನೆ ಬಡಿದರೆ ವಾಂತಿ. "ನನ್ನ ಮಗನ ಗಾಡೀಲೇ ಬತ್ತೀನಿ" ಅಂತ ಹಟ. ಅವ್ವನೇ ಹಿಂದೆ ಕೂರ್ತಾಳೆ ಅಂದ ಮೇಲೆ ಮಾವ ಬಿಟ್ಟಾರೆಯೇ? ಬೆಳಿಗ್ಗೆಯೇ ಬ್ರೇಕ್ ಬಿಚ್ಚಿದರು. ಸ್ಪ್ರಿಂಗೊಂದು ಚಿಮ್ಮಿ ಹುಲ್ಲಿನ ಬಣವೆಗೆ ಬಿತ್ತು. ಅದು ಸಿಗೋ ಹೊತ್ತಿಗೆ ಹೊತ್ತು ಮುಳುಗಿತ್ತು!

ಆಮೇಲೆ ಊರಿನ ಕಾಂಪೌಂಡರು ಬ್ಯಾಟರಿ ಬಿಟ್ಟು ಅಜ್ಜಿಯ ಕಣ್ಣು ನೋಡಿ, "ಪೊರೆ ಪೂರಾ ಬಲಿತದೆ. ಇನ್ನೂ ತಡ ಮಾಡಿದ್ರೆ ಕಣ್ಣೇ ಹೋಯ್ತದೆ" ಅಂದ. ಮುಂದಿನ ಶಿಬಿರ ತರೀಕೆರೆಯಲ್ಲಿ. ಅದೂ ತಪ್ಪಿದರೆ ಅಜ್ಜಿಗೆ ಕತ್ತಲೆಯೇ ಗತಿ.

ಈ ಸಲ ಮಾವ ಜಾಣರಾದರು. ಹಿಂದಿನ ದಿನವೇ ಎಲ್ಲ ಬಿಚ್ಚಿ ತೊಳೆದು, ಬ್ರೇಕ್ ಶೂಗಳನ್ನು ಗೋಣಿಚೀಲದ ಮೇಲೆ ಆರಲು ಇಟ್ಟರು. ಬೆಳಿಗ್ಗೆ ಜೋಡಿಸಿದರೆ ಆಯ್ತು. ಎದ್ದು, ಮಿಂದು, ವಿಭೂತಿ ಇಟ್ಟುಕೊಂಡು ಬಂದು ನೋಡುತ್ತಾರೆ, ಶೂಗಳು ಪಳಪಳ ಹೊಳೀತಿವೆ! ಪಕ್ಕದಲ್ಲಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೂತಿದ್ದಾರೆ.

"ಅವ್ವಾ, ಯಾರು ಇದಕ್ಕೆ ಎಣ್ಣೆ ಹಚ್ಚಿದ್ದು?"

"ನಾನೇ ಕಣೋ. ಮೊನ್ನೆ ನಿಲ್ಲಿಸುವಾಗ ಕೀಂ ಅಂತಿತ್ತು. ನಿನಗೆಲ್ಲಿ ಪುರುಸೊತ್ತು? ಬಂಡಿ ಕೀಲೆಣ್ಣೆ ಇತ್ತಲ್ಲ, ಚೆನ್ನಾಗಿ ತೀಡಿದೀನಿ."

ಬಂಡಿ ಕಟ್ಟಿ ಬಾಳಿದ ಮನೆತನ! ಗಾಲಿ ಕಿರುಗುಟ್ಟಿದರೆ ಕೀಲೆಣ್ಣೆ ಹಚ್ಚೋದು ಅಜ್ಜಿಯ ಮಟ್ಟಿಗೆ ಧರ್ಮ. ಎಣ್ಣೆ ಕುಡಿದ ಬ್ರೇಕು ಹಿಡಿಯೋದೇ ಇಲ್ಲ ಅಂತ ಆ ತಾಯಿಗೆ ಯಾರು ಹೇಳಬೇಕು? ಕಣ್ಣು ಕಾಣದಿದ್ದರೂ ಒಂದು ಬೆರಳಷ್ಟು ಜಾಗ ಬಿಟ್ಟಿರಲಿಲ್ಲ.

ಮಾವನ ಮುಖ ಬಿಳಿಚಿಕೊಂಡಿತು. ಬೈತಾರೆ ಅಂದ್ಕೊಂಡೆ. "ಆಯ್ತು ಬಿಡವ್ವ" ಅಂದವರೇ ಪೆಟ್ರೋಲಿನಲ್ಲಿ ತೊಳೆದರು, ಉಜ್ಜಿದರು, ಮತ್ತೆ ತೊಳೆದರು. ಹೀರಿಕೊಂಡ ಎಣ್ಣೆ ಅಷ್ಟು ಸುಲಭಕ್ಕೆ ಬಿಡ್ತದೆಯೇ? ಬಿಸಿಲು ಏರುತ್ತಿತ್ತು. ಬೆಳಗಿನ ಬಸ್ಸು ಹೋಗಿಬಿಟ್ಟಿತ್ತು. ಮಧ್ಯಾಹ್ನಕ್ಕೆ ಹೆಸರು ಬರೆಸೋದು ಬಂದ್. ಜೋಡಿಸಿ ತುಳಿದು ನೋಡಿದರು. ಒಂದು ಸಲ ಹಿಡೀತು, ಇನ್ನೊಂದು ಸಲ ಜಾರ್ತು.

ಮಾವ ಗಾಡಿ ನೋಡಿದರು, ಅವ್ವನನ್ನು ನೋಡಿದರು. "ಹತ್ತವ್ವ" ಅಂದರು.

ನಡುವೆ ಅಜ್ಜಿ, ಅವರನ್ನು ತಬ್ಬಿಕೊಂಡು ಹಿಂದೆ ನಾನು. ಕಡೂರು ದಾಟಿದೆವು, ಬೀರೂರು ದಾಟಿದೆವು. ಎದುರಿಗೆ ಲಾರಿ ಬಂದಾಗಲೆಲ್ಲ ಮಾವ "ಶಿವಶಿವಾ!" ಅನ್ನೋರು. "ಏನಾಯ್ತೋ?" "ಏನಿಲ್ಲ ಕಣವ್ವ, ದೇವರ ಹೆಸರು." ಇಳಿಜಾರು ಬಂತು. ಮಾವ ಇಳಿಯಲಿಲ್ಲ! ನಾನು ಕಣ್ಣು ಮುಚ್ಚಿಕೊಂಡೆ. ಅಜ್ಜಿ ಮಾತ್ರ ಹಿಗ್ಗಿ, "ಈಗ ನೋಡು, ಕೀಂ ಅನ್ನೋದೇ ಇಲ್ಲ. ಎಷ್ಟು ಮೆತ್ತಗೆ ಹೋಗ್ತದೆ!" ಅಂದರು. ತಿರುವಿನಾಚೆ ರೈಲ್ವೆ ಗೇಟು ಹಾಕಿತ್ತು. ಮಾವ ತುಳಿದರು, ಗಾಡಿ ಕೇಳಲಿಲ್ಲ. ಮುಂದಿನ ಬ್ರೇಕು ಹಿಡಿದು, ಎರಡೂ ಕಾಲು ನೆಲಕ್ಕೆ ಊರಿ ಎಳೆದು, ಗೇಟಿಗೆ ಒಂದು ಗೇಣು ಇರುವಾಗ ನಿಲ್ಲಿಸಿದರು. ಎಡಗಾಲಿನ ಚಪ್ಪಲಿ ಕಿತ್ತುಹೋಯ್ತು. "ಬಂತೇನೋ ತರೀಕೆರೆ?" ಅಂದರು ಅಜ್ಜಿ.

ಶಿಬಿರದವರು ಮೇಜು ಎತ್ತುತ್ತಿದ್ದರು. ಒಂಟಿ ಚಪ್ಪಲಿಯಲ್ಲಿ ಓಡಿ ಹೋಗಿ ಮಾವ ಆ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೆಸರು ಬರೆದುಕೊಂಡರು ಅನ್ನಿ. ಮಾರನೇ ದಿನ ಆಪರೇಷನ್ನೂ ಆಯ್ತು.

ಪಟ್ಟಿ ಬಿಚ್ಚಿದ ದಿನ ಅಜ್ಜಿಗೆ ದಪ್ಪ ಗಾಜಿನ ಕನ್ನಡಕ ಹಾಕಿದರು. "ಏನಾದ್ರೂ ಕಾಣ್ತದಾ ಅಜ್ಜಿ?" ಅಂದರು ಡಾಕ್ಟರು. ಅಜ್ಜಿ ಅವರ ಕಡೆ ನೋಡಲೇ ಇಲ್ಲ. ಎದುರಿಗೆ ನೆಲದ ಮೇಲೆ ಕೂತಿದ್ದ ಮಗನನ್ನೇ ನೋಡಿದರು, ತುಂಬಾ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ, ಅವರ ಕಿವಿಯ ಮೇಲಿನ ಕೂದಲು ಸವರಿದರು.

"ತಲೆಯೆಲ್ಲ ನರೆತುಹೋಗಿದೆಯಲ್ಲೋ ಮಗಾ," ಅಂದರು. "ಯಾವಾಗ ಆಯ್ತೋ ಇದು? ನನಗೆ ಒಬ್ಬರೂ ಹೇಳಲಿಲ್ಲವಲ್ಲೋ."

"ಈಗೀಗ ಕಣವ್ವ" ಅಂದರು ಮಾವ. ಅವ್ವನ ಕೈ ತಲೆಯ ಮೇಲಿದ್ದಷ್ಟು ಹೊತ್ತೂ ಅವರು ತಲೆ ಎತ್ತಲಿಲ್ಲ.