ಅರ್ಧ ಕಲ್ಲಿನ ಬೆನ್ನ ಹತ್ತಿ

ಕನ್ನಡ ಬರದವರ ಜೋಡಿ ಅಡ್ಡಾಡೋದು ಸುಲಭ, ಕೈಸನ್ನಿ ಮಾಡಿದ್ರ ಆತು. ಪೂರಾ ಬರೋರ ಜೋಡಿನೂ ತ್ರಾಸಿಲ್ಲ. ಅರ್ಧಮರ್ಧ ಬರೋರು ಇರ್ತಾರಲ್ಲ, ಅವರ ಜೋಡಿ ಊರೂರು ತಿರುಗಿದ್ರ ಮಾತ್ರ ದಿನಕ್ಕೊಂದು ಫಜೀತಿ ತಪ್ಪಂಗಿಲ್ಲ. ನಾನು ಒಂದು ವರ್ಷ ತಿರುಗೇನಿ, ಅದಕ್ಕ ಹೇಳಾಕತ್ತೇನಿ.

ಹಾವೇರಿ ಇನ್ನೂ ಜಿಲ್ಲಾ ಆಗಿರದ ಕಾಲ ಅದು. ನಾನು ರಾಣೆಬೆನ್ನೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಸ್ತಿದ್ದೆ. ನಮ್ಮ ಕಡಿ ಹಾಳಗುಡಿ, ಶಾಸನ, ಅಡವಿ ಎಲ್ಲಾ ನೋಡಿ ಓದಬೇಕಂತ ಜರ್ಮನಿಯಿಂದ ಒಬ್ಬಾಕಿ ಹುಡುಗಿ ಬಂದು, ನಮ್ಮ ಮನಿ ಮುಂದಿನ ಖೋಲಿ ಬಾಡಿಗಿ ಹಿಡದ್ಲು. ಕನ್ನಡ ತನ್ನ ಊರಾಗ ಪುಸ್ತಕ ನೋಡಿ ಕಲತಾಕಿ. ಇಂಗ್ಲಿಷ್ ಬರ್ತೈತಿ ಅನ್ನೋ ಒಂದ ಕಾರಣಕ್ಕ ಸೂಟಿ ಇದ್ದಾಗೆಲ್ಲ ನಾನ ಆಕಿ ಜೋಡಿ ಹೋಗಬೇಕಾತು.

ಆಕಿ ಹುಡಕ್ತಿದ್ದದ್ದು ಒಂದ ವಸ್ತು. ಗಳಗನಾಥದ ಕಡೆ ಹೊಳಿ ದಂಡ್ಯಾಗಿನ ಒಂದು ಹಾಳಗುಡಿ ಮುಂದ ಅರ್ಧ ಮುರದ ಶಾಸನದ ಕಲ್ಲು ನಿಂತಿತ್ತು. ಒಬ್ಬಾಕಿ ಹೆಣ್ಣಮಗಳು ಕೆರಿ ಕಟ್ಟಿಸಿದಳು ಅಂತ ಅದರಾಗ ಕೊರದಿದ್ರು. ಆಕಿ ಹೆಸರು ಬರೋ ಹೊತ್ತಿಗೆ ಸರಿಯಾಗಿ ಕಲ್ಲು ಮುರದಿತ್ತು. ಕೆಳಗಿನ ಅರ್ಧ ಎಲ್ಲೈತಿ ಅಂತ ಯಾರಿಗೂ ಗೊತ್ತಿರಲಿಲ್ಲ. ಯುಗಾದಿಗೆ ಹುಡುಗಿ ವೀಸಾ ಮುಗೀತಿತ್ತು. ಅಷ್ಟರಾಗ ಸಿಗಲಿಲ್ಲಂದ್ರ ಆಕಿ ಓದೂ ಅರ್ಧಕ್ಕ ನಿಲ್ತಿತ್ತು.

"ಕೆರಿ ಕಟ್ಟಿಸಿದಾಕಿ ಹೆಸರು ಇಲ್ಲದ ನಾ ಹೆಂಗ ಹೋಗ್ಲಿ ಅಕ್ಕಾರ?" ಅಂತ ದಿನಾ ಕೇಳ್ತಿದ್ಲು. ನಮ್ಮ ಸಾಲಿ ಹುಡುಗ್ಯಾರಿಗೆ ಪರೀಕ್ಷಾ ಬಗ್ಗೆ ಅಷ್ಟು ಕಾಳಜಿ ಇರಲಿಲ್ಲ.

ಮನಿ ಹಾಳಾಗಲಿ

ನಮ್ಮ ಅತ್ತಿಯವರಿಗೆ ಸಿಟ್ಟು ಬಂದ್ರೂ ಬೈಗಳ, ಪ್ರೀತಿ ಬಂದ್ರೂ ಅದ ಬೈಗಳ. ಹುಡುಗಿ ಬಂದ ಮರುದಿನ ನಾಷ್ಟಾ ಮಾಡಿ, ತನ್ನ ತಾಟು ತಾನ ತೊಳ್ಯಾಕ ಕುಂತ್ಲು. ಅತ್ತಿ ಒಳಗಿಂದ ಬಂದವರ, "ನಿನ್ನ ಮನಿ ಹಾಳಾಗಲಿ, ಇಡವಾ ಅದನ್ನ ಕೆಳಗ. ಬಂದ ಮಂದಿ ಕಡಿಂದ ತಾಟು ತೊಳಸೋ ಮನಿ ಅಲ್ಲ ಇದು" ಅಂದ್ರು.

ಹಾಳು ಅನ್ನೋ ಶಬ್ದ ಆಕಿಗೆ ಗೊತ್ತಿತ್ತು, ಅದನ್ನ ಓದಾಕ ಬಂದಾಕಿ. ಆದ್ರ ಪೂರಾ ಮಾತು ತಿಳೀಲಿಲ್ಲ. "ಅಕ್ಕಾರ, ಅಜ್ಜಿ ಏನಂದ್ರು?" ಅಂತ ನನ್ನ ಕೇಳಿದ್ಲು. ನಾನು ತಡವರಿಸಿ, "ನಿಮ್ಮ ಮನಿ ಹಾಳಗುಡಿ ಇದ್ದಂಗ ಆಗಲಿ ಅಂದ್ರು" ಅಂದೆ.

ಹುಡುಗಿ ಎದ್ದು ನಿಂತು ಎರಡೂ ಕೈ ಮುಗದ್ಲು. "ನಮ್ಮ ಮನಿ ಹೊಸಾದು ಅಜ್ಜಿ. ಹಾಳಗುಡಿ ಹಂಗ ಆಗಬೇಕಂದ್ರ ಸಾವಿರ ವರ್ಷ ನಿಲ್ಲಬೇಕರಿ. ನಿಮ್ಮ ಆಶೀರ್ವಾದ ಇರಲಿ."

ಅತ್ತಿ ಒಳಗ ಹೋಗಿ, ತುಪ್ಪ ಹಾಕಿದ ಇನ್ನೊಂದು ದ್ವಾಸಿ ತಂದು ಆಕಿ ಮುಂದಿಟ್ಟು, ನನ್ನ ಕಡಿ ತಿರುಗಿದ್ರು. "ಮದಿವ್ಯಾಗಿ ಬಂದಾಗಿಂದ ಈ ಮನ್ಯಾಗ ಬೈಕೊಂತ ಬಂದೇನಿ. ಅದನ್ನ ಆಶೀರ್ವಾದ ಅಂತ ತಗೊಂಡಾಕಿ ಈಕಿ ಒಬ್ಬಾಕಿನ ನೋಡು."

ಬಯಲಕಡಿ

ರಾಣೆಬೆನ್ನೂರಿನ ಹೊರಗ ಚಿಗರಿ ಇರೋ ಅಡವಿ ಐತಿ. ಅಡವಿ ಅಂದ್ರ ಮುಗಿಲಿಗೆ ಮುಟ್ಟೋ ಗಿಡ, ಬಳ್ಳಿ, ಹುಲಿ ಅಂತ ಹುಡುಗಿ ತಿಳಕೊಂಡಿದ್ಲು. ಇಲ್ಲಿ ನೋಡಿದ್ರ ಕುರಚಲ ಕಂಟಿ, ನೀಲಗಿರಿ, ನಡುನಡುವ ಬಯಲು. ಆ ಕಡೆ ಯಾವುದೋ ಹಾಳಗುಡಿ ಕಲ್ಲು ಬಿದ್ದಾವಂತ ಯಾರೋ ಹೇಳಿದ್ದಕ್ಕ ಒಂದು ರವಿವಾರ ಬಸ್ಸಿನ್ಯಾಗ ಹೊಂಟ್ವಿ.

ಚಿಗರಿ ಬಯಲಾಗ ಮೇಯ್ತಾವಂತ ಆಕಿ ಓದಿದ್ಲು. ನಾನು ಕಿಡಕಿಗೆ ತಲಿ ಆನಿಸಿ ತೂಕಡಿಸಾಕತ್ತಿದ್ದೆ. ದೂರದಾಗ ಏನೋ ಓಡಿದಂಗ ಕಂಡು, ಹುಡುಗಿ ಗಡಬಡಿಸಿ ಎದ್ದು, ಬಸ್ಸಿಗೆಲ್ಲ ಕೇಳೋ ಹಂಗ ಕಂಡಕ್ಟರಗ ಹೇಳಿದ್ಲು: "ನಾನು ಬಯಲಕಡಿಗೆ ಹೋಗಬೇಕರಿ. ಲಗೂ ನಿಲ್ಲಸ್ರಿ."

ನಮ್ಮ ಕಡೆ ಬಯಲಕಡಿಗೆ ಹೋಗೋದಂದ್ರ ಚರಿಗಿ ಹಿಡಕೊಂಡು ಹೋಗೋದು. ಕಂಡಕ್ಟರ್ ಭಾಳ ಛೊಲೋ ಮನಷಾ. "ಪಾಪ, ನಮ್ಮ ನೀರು ಹಿಡದಿಲ್ಲ ಆಕಿಗೆ" ಅಂದು ಸೀಟಿ ಊದಿದ. ಬಸ್ಸು ನಿಂತ್ತು. ಗಂಡಸರೆಲ್ಲ ಯಾರೂ ಹೇಳದನ ಆ ಕಡಿ ಕಿಡಕಿಗೆ ಮಾರಿ ತಿರುವಿ ಕುಂತ್ರು. ಹಿಂದಿನ ಸೀಟಿನ ಒಬ್ಬಾಕಿ ಹೆಣ್ಣಮಗಳು ತನ್ನ ಚರಿಗಿ ತುಂಬ ನೀರು ಕೊಟ್ಲು. ಹುಡುಗಿ ಅದನ್ನ ಗಟಗಟ ಕುಡದು, ಖಾಲಿ ಚರಿಗಿ ತಿರುಗಿ ಕೊಟ್ಟು, ದುರ್ಬೀನು ಕೊರಳಿಗೆ ಹಾಕ್ಕೊಂಡು ಇಳದ್ಲು. ಆ ಹೆಣ್ಣಮಗಳು ಚರಿಗಿ ನೋಡ್ಕೊಂತ ಕುಂತಬಿಟ್ಲು.

ಭಾಳೊತ್ತಿನ ಮ್ಯಾಲೆ ಹುಡುಗಿ ಮಾರಿ ಅರಳಿಸಿಕೊಂಡು ಬಂದ್ಲು. ಕಂಡಕ್ಟರ್ ಮರ್ಯಾದಿಲೆ, ಸಣ್ಣ ದನಿ ತಗದು ಕೇಳಿದ: "ಆರಾಮ ಆತೇನವಾ?"

"ಭಾಳ ಛೊಲೋ ಆತರಿ. ಗುಂಪ ಗುಂಪ ಅದಾವ. ನೀವೂ ಬಂದು ನೋಡ್ರಿ."

ಟೇಪು

ಅಡವ್ಯಾಗ ಸಿಕ್ಕದ್ದು ಚಿಗರಿ ಅಷ್ಟ, ಕಲ್ಲು ಸಿಗಲಿಲ್ಲ. ಆಮ್ಯಾಲ ಹಾವೇರಿಗೆ ಹೋದ್ವಿ. ಅಲ್ಲಿನ ಒಂದು ಹಳೇ ಗುಡಿ ಸುತ್ತ ಪೌಳಿ ಕಟ್ಟೋವಾಗ ಹೊಳಿ ಕಡಿಂದ ಮುರಕ ಕಲ್ಲು ತಂದು ಹಾಕ್ಯಾರಂತ ಸುದ್ದಿ ಇತ್ತು. ಗುಡಿ ಗ್ವಾಡಿಗೆ ಹತ್ತಿಕೊಂಡ ಅಂಗಡಿ ಸಾಲು, ಅಂಗಡಿ ಮುಂದ ತಗಡು, ತಗಡಿನ ಮುಂದ ಹಲಗಿ. ಎರಡು ಎಮ್ಮಿ ಎದುರುಬದುರು ಬಂದ್ರ ಒಂದು ಹಿಂದ ಸರೀಬೇಕು, ಅಷ್ಟ ದಾರಿ.

ಹುಡುಗಿ ಟೇಪು ತಗದು ಗುಡಿ ಗ್ವಾಡಿಯಿಂದ ಹಿಡದು ಅಂಗಡಿ ಕಟ್ಟಿ ತನಕ ಅಳದ್ಲು. ನೋಡಿದ ಕಲ್ಲಿಗೆಲ್ಲ ಸಾಲ್ಯಾಗ ಬರಿಯೋ ಬಿಳೇ ಖಡುವಿನಿಂದ ಗೆರಿ ಎಳದ್ಲು. ಒಬ್ಬ ಅಂಗಡಿಯಾಂವ ನನ್ನ ಹತ್ರ ಬಂದು, "ಸರಕಾರದವರೇನ್ರಿ?" ಅಂದ.

"ಅಲ್ಲರಿ. ಈಕಿ ಸುಮ್ನ ಕಲ್ಲು ಹುಡಕಾಕತ್ತಾಳ" ಅಂದೆ.

ಅದ ತಪ್ಪಾತು. ಸರಕಾರದವರು ಅಲ್ಲ ಅಂದ್ರ ಖಾತ್ರಿ ಸರಕಾರದವರ ಅಂತ ಆತನ ಲೆಕ್ಕ. ರಸ್ತಾ ಅಗಲ ಮಾಡಾಕ ಫಾರಿನ್ನಿಂದ ಎಂಜಿನೀಯರ್ ತರಿಸ್ಯಾರಂತ ಮಾತು ಹಬ್ಬಿತು. ನಾವು ಖಾನಾವಳ್ಯಾಗ ಊಟ ಮಾಡಿ ಬರೋದ್ರಾಗ ತಗಡು ಇಲ್ಲ, ಹಲಗಿ ಇಲ್ಲ, ಓಣಿಗೆ ಓಣಿನ ಖುಲ್ಲಾ. ಎತ್ತಿನ ಗಾಡಿ ತಿರುಗಸೋ ಅಷ್ಟು ಜಾಗಾ ಆಗಿತ್ತು. ಪೌಳ್ಯಾಗ ಮಾತ್ರ ನಮ್ಮ ಕಲ್ಲು ಇರಲಿಲ್ಲ. ಹುಡುಗಿ ಸಪ್ಪಗ ಟೇಪು ಸುತ್ತಾಕತ್ತಿದ್ಲು.

ಗುಡಿ ಪೂಜಾರಿ ನನ್ನ ಬಾಜೂಕ ಕರದ. "ಅಕ್ಕಾರ, ತಿಂಗಳಿಗೊಮ್ಮೆ ಈಕಿನ್ನ ಕರಕೊಂಡು ಬರ್ರಿ. ಅಳೀದಿದ್ರೂ ನಡೀತೈತಿ. ಟೇಪು ಹಿಡಕೊಂಡು ಸುಮ್ನ ನಿಂತ್ರ ಸಾಕು."

ಹಳೇ ಕಲ್ಲು

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಹತ್ರ ಅಕ್ಷರದ ಕಲ್ಲು ಐತಿ ಅಂತ ಕೇಳಿ ಅಲ್ಲಿಗೆ ಹೋದ್ವಿ. ಸುಗ್ಗಿ ದಿನ. ಅಂಗಳದ ತುಂಬ ಕೆಂಪು ರಾಶಿ. ಒಳಗ ಕಾಲಿಟ್ಟ ಕೂಡಲೆ ನನಗ ಸೀನು ಹತ್ತಿದ್ದು ನಿಲ್ಲಲೇ ಇಲ್ಲ. ಹಿಂಗಾಗಿ ಮಾತಾಡೋ ಕೆಲಸ ಹುಡುಗಿ ಮ್ಯಾಲೆ ಬಿತ್ತು.

"ನಿಮ್ಮಲ್ಲಿ ಹಳೇ ಕಲ್ಲು ಐತಂತರಿ. ನೋಡಬೇಕು" ಅಂದ್ಲು.

ಪ್ಯಾಟ್ಯಾಗ ಕಲ್ಲು ಅಂದ್ರ ತೂಕದ ಕಲ್ಲು. ವ್ಯಾಪಾರಿ ಮಾರಿ ಸಣ್ಣದಾತು. "ಯಾರು ಹೇಳಿದ್ರರಿ ನಿಮಗ? ನಮ್ಮಲ್ಲಿ ಎಲ್ಲಾ ಹೊಸಾವ. ಸರಕಾರದ ಮುದ್ರಿ ಐತಿ."

"ಮುದ್ರಿ ಸವದಿದ್ರೂ ಅಡ್ಡಿಯಿಲ್ಲರಿ. ನಾ ಕೈಯಾಡಿಸಿ ಗುರ್ತು ಹಿಡೀತೀನಿ."

ವ್ಯಾಪಾರಿ ಟವಲ್ಲಿಲೆ ಕೊರಳು ಒರಸಿಕೊಂಡ. "ಕುಂದ್ರರಿ ಮೇಡಂ. ಚಹಾ ತರಸ್ತೀನಿ."

"ಚಹಾ ಬ್ಯಾಡ್ರಿ. ನನಗ ಅರ್ಧ ಕಲ್ಲು ಸಿಕ್ರ ಸಾಕು. ಅದಕ್ಕನ ಜರ್ಮನಿಯಿಂದ ಬಂದೇನಿ."

ಅರ್ಧ ಕಿಲೋದ ಕಲ್ಲು ಹಿಡ್ಯಾಕ ಜರ್ಮನಿಯಿಂದ ಮಂದಿ ಬಂದಾರಂದ ಮ್ಯಾಲೆ ಇನ್ನೇನು ಉಳೀತು. ಆತ ಚೀಲದ ಮ್ಯಾಲೆ ಕುಂತ. ನಾನು ಸೀನಿನ ನಡುವ ಉಸರು ಹಿಡದು, ಇದು ತೂಕದ ಕಲ್ಲಲ್ಲ, ಶಾಸನದ ಕಲ್ಲು ಅಂತ ಬಿಡಿಸಿ ಹೇಳಿದೆ. ಆತಗ ಹೋದ ಜೀವ ಬಂತು.

"ಮೊದಲ ಹೇಳಬಾರದೇನ್ರಿ? ಅದು ನನ್ನ ಹತ್ರ ಇಲ್ಲ. ಮೇಡ್ಲೇರಿ ಆಚೆ ಹೊಳಿ ದಂಡಿ ಊರಾಗ ನಮ್ಮ ದೂರದ ಸಂಬಂಧಿಕಳು ಒಬ್ಬಾಕಿ ಮುದುಕಿ ಇದ್ದಾಳ. ಆಕಿ ಬಚ್ಚಲದಾಗ ಐತಿ. ಆದ್ರ ಯಾರನ್ನೂ ಒಳಗ ಬಿಡಂಗಿಲ್ಲ ಆಕಿ, ನನ್ನ ಹೆಸರು ಹೇಳಿದ್ರಂತೂ ಮೊದಲ ಬಿಡಂಗಿಲ್ಲ."

ಹುಡುಗಿ ಕುಣಿಯೋದೊಂದು ಬಾಕಿ. ನಾವು ಹೊಂಡೋವಾಗ ವ್ಯಾಪಾರಿ ಮೆಲ್ಲಕ ನನ್ನ ಹಿಂದ ಬಂದ. "ಅಕ್ಕಾರ, ಕೈಯಾಡಿಸಿ ಗುರ್ತು ಹಿಡೀತೀನಿ ಅಂದಳಲ್ಲ, ಅದು ಖರೇನ? ಹಂಗಿದ್ರ ನಮ್ಮ ಎದುರಿನ ಅಂಗಡಿಗೆ ಒಮ್ಮೆ ಕರಕೊಂಡು ಹೋಗ್ರಿ."

ಬಚ್ಚಲ

ಯುಗಾದಿ ಸಮೀಪ ಬಂದಿತ್ತು. ಇದೊಂದು ಬಿಟ್ರ ಇನ್ನೊಂದು ಜಾಗಾ ಹುಡಕಾಕ ದಿನ ಉಳದಿರಲಿಲ್ಲ. ಮುಂಜಾನೆ ಮೊದಲನೇ ಬಸ್ಸಿಗೆ ಹೋಗಿ ಮುದುಕಿ ಬಾಗಲ ಬಡದ್ವಿ. ಬಾಗಲ ಅರ್ಧ ತಗದು, ನಾವು ಬಂದ ಕಾರಣ ಕೇಳಿ, ಮತ್ತ ಅಷ್ಟನ್ನೂ ಮುಚ್ಚಾಕ ಹತ್ತಿದ್ಲು.

"ಅಕ್ಷರದ ಕಲ್ಲು ಸರಕಾರ ಒಯ್ತೈತಂತ. ಒಯ್ದ್ರ ನಾ ಎಲ್ಲಿ ಜಳಕಾ ಮಾಡ್ಲಿ? ಅಕ್ಷರ ಅದಾವಂತ ಕಾಲು ಜಾರಂಗಿಲ್ಲ. ನುಣ್ಣಂದು ಹಾಕಿದ್ರ ನನ್ನ ಟೊಂಕ ಮುರೀತೈತಿ. ಹೋಗ್ರಿ."

ಹುಡುಗಿ ಬಾಗಲ ಹಿಡಕೊಂಡ್ಲು. ಕಣ್ಣಾಗ ನೀರು ಬಂದಿದ್ವು. "ನಾನು ಸರಕಾರದಾಕಿ ಅಲ್ಲಜ್ಜಿ. ನಾನು ಪರದೇಶಿ."

ಬ್ಯಾರೆ ದೇಶದಾಕಿ ಅನ್ನಾಕ ಆಕಿ ಪುಸ್ತಕದಾಗ ಕಲತ ಶಬ್ದ ಅದು. ನಮ್ಮ ಕಡೆ ಪರದೇಶಿ ಅಂದ್ರ ಹಿಂದಿಲ್ಲ ಮುಂದಿಲ್ಲ, ತಂದಿ ತಾಯಿ ಇಲ್ಲದ ಅನಾಥ. ಬಾಗಲ ಪೂರಾ ತೆರೀತು.

"ನಿನಗ ಯಾರೂ ಇಲ್ಲೇನ ಮಗಳ?"

"ಇಲ್ಲಿ ಯಾರೂ ಇಲ್ಲರಿ."

"ಅದು ಹಂಗಲ್ಲಜ್ಜಿ" ಅಂತ ನಾನು ಬಾಯಿ ತಗದೆ. "ನೀ ಸುಮ್ನಿರವಾ, ಪರದೇಶಿ ಕೂಸಿನ ನೋವು ನಿನಗೇನು ಗೊತ್ತು" ಅಂತ ಮುದುಕಿ ನನ್ನ ಬಾಯಿ ಮುಚ್ಚಿಸಿ, ಹುಡುಗಿ ಕೈ ಹಿಡದು ಒಳಗ ಕರಕೊಂಡು ಹೋದ್ಲು. ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿದ್ಲು. ಉಣಸಿದ ಮ್ಯಾಲೆ ಹುಡುಗಿ ಒಣಗಿದ ಕೂದಲ ನೋಡಿ ಲೊಚಗುಟ್ಟಿ, ಎಣ್ಣಿ ಬಟ್ಟಲಾ ತಂದು ನೆತ್ತಿಗೆ ತಟ್ಟಾಕ ಕುಂತ್ಲು.

"ಅವ್ವ ಅಪ್ಪ ಯಾವಾಗ ಹೋದ್ರ ಮಗಳ?"

ಆಕಿ ಅವ್ವ ಅಪ್ಪ ಮಗಳನ್ನ ನೋಡಾಕ ಬಂದು ನಾಕು ದಿನ ಇದ್ದು ಹೋಗಿದ್ರು. "ಸಂಕ್ರಮಣದ ಮರುದಿನ ಹೋದ್ರರಿ" ಅಂದ್ಲು.

"ಇಬ್ಬರೂ ಒಂದ ದಿನಾನ?"

"ಹೂನರಿ, ಇಬ್ಬರೂ ಕೂಡೇ ಹೋದ್ರು. ವಿಮಾನದಾಗ."

ಮುದುಕಿ ಎಣ್ಣಿ ಕೈಲೆ ಹಣಿ ಬಡಕೊಂಡು, ಹಾಡ್ಯಾಡಿ ಅಳಾಕ ಚಾಲೂ ಮಾಡಿದ್ಲು. ದನಿ ಕೇಳಿ ಬಾಜೂ ಮನಿ ಹೆಣ್ಣಮಕ್ಕಳು ಬಂದು, ಏನು ಎತ್ತ ಕೇಳದ ತಾವೂ ಸೆರಗು ಬಾಯಿಗೆ ಹಚ್ಚಿದ್ರು. ನಾನು ಹೇಳಾಕ ಹೋದ್ರ ಆ ಅಳುವಿನ್ಯಾಗ ನನ್ನ ಮಾತು ಕೇಳೋರು ಯಾರು? ಇದೆಲ್ಲ ನೋಡಿ ಹುಡುಗಿ ತಾನ ಮುದುಕಿ ಕಣ್ಣು ಒರಸಿ ಸಮಾಧಾನ ಮಾಡಿದ್ಲು: "ಅಳಬ್ಯಾಡ್ರಿ ಅಜ್ಜಿ. ಯುಗಾದಿಗೆ ನಾನೂ ಅವರ ಹತ್ರನ ಹೋಗ್ತೀನಿ."

"ಬಿಡ್ತು ಅನ್ನ, ಬಿಡ್ತು ಅನ್ನ" ಅಂತ ಮುದುಕಿ ಆಕಿ ಬಾಯಿ ಒತ್ತಿ ಹಿಡದ್ಲು.

ಹುಡುಗಿ ಬಾಯಿ ಬಿಡಿಸಿಕೊಂಡು, "ಖರೇನರಿ. ಟಿಕೆಟ್ ತಗದೇನಿ" ಅಂದ್ಲು.

ಅಳು ನಿಂತ್ತು. ಎಲ್ಲಾರೂ ನನ್ನ ಮಾರಿ ನೋಡಿದ್ರು. ಆವಾಗ ನನಗ ಮಾತಾಡಾಕ ಜಾಗಾ ಸಿಕ್ತು. ಪರದೇಶಿ ಅಂದ್ರ ಆಕಿ ಪುಸ್ತಕದಾಗ ಏನು, ನಮ್ಮ ಊರಾಗ ಏನು ಅಂತ ಮೊದಲಿಂದ ಹೇಳಿದೆ. ಕೇಳಿಕೊಂತ ಹುಡುಗಿ ಮಾರಿ ಸುಣ್ಣಾತು. ಇನ್ನ ಹೊರಗ ಹಾಕ್ತಾರ, ಕಲ್ಲೂ ಹೋತು, ಕೆರಿ ಕಟ್ಟಿಸಿದಾಕಿ ಹೆಸರೂ ಹೋತು ಅಂತ ತಲಿ ತಗ್ಗಿಸಿ ಕುಂತ್ಲು.

ಮುದುಕಿ ಎಣ್ಣಿ ಬಟ್ಟಲಾ ಕೆಳಗಿಟ್ಲು. "ಅಂದ್ರ ಅವ್ವ ಅಪ್ಪ ಇಬ್ಬರೂ ಗಟ್ಟಿ ಅದಾರ?"

"ಅದಾರರಿ" ಅಂದೆ.

"ಮಗಳ ಮಾರಿ ನೋಡಬೇಕಂದ್ರ ಅವರು ವಿಮಾನದ ಟಿಕೆಟ್ ತಗಸಬೇಕು. ಈಕಿ ತಲಿಗೆ ಎಣ್ಣಿ ತಟ್ಟಾಕ ಒಂದು ಕೈ ಇಲ್ಲ. ಮದಿವಿ ವಯಸ್ಸಿನ ಹುಡುಗಿ ಮಂದಿ ಬಚ್ಚಲ ಹುಡಕ್ಕೊಂತ ಊರೂರು ಅಡ್ಡಾಡ್ತಾಳ." ಮುದುಕಿ ಬಂದ ಹೆಣ್ಣಮಕ್ಕಳ ಕಡಿ ತಿರುಗಿದ್ಲು. "ಇದು ಪರದೇಶಿ ಅಲ್ಲಂದ್ರ ಮತ್ತ್ಯಾವುದವಾ ಪರದೇಶಿ?"

ಎಲ್ಲಾರೂ ಹೌದು ಹೌದು ಅಂದ್ರು. ಖರೇ ಹೇಳಬೇಕಂದ್ರ ನಾನೂ ಅಂದೆ.

"ಕಲ್ಲು ಒಯ್ಯಂಗಿಲ್ಲ. ಅಲ್ಲೇ ಕುಂತು ಬರಕೊಳ್ಳಲಿ" ಅಂದ್ಲು ಮುದುಕಿ. "ಆದ್ರ ಎಣ್ಣಿ ಹಚ್ಚಿದ ತಲಿ ಹಂಗ ಬಿಡಾಕ ಬರಂಗಿಲ್ಲ. ಮೊದಲ ಎರೀತೀನಿ."

ಒಲಿ ಮ್ಯಾಲಿನ ಹಂಡ್ಯಾಗಿನ ನೀರು ತೋಡಿ, ಹುಡುಗಿನ್ನ ಆ ಕಲ್ಲಿನ ಮ್ಯಾಲೆನ ಕುಂಡ್ರಿಸಿದ್ಲು. ನಾವೆಲ್ಲ ಈ ಕಡಿ ಪಡಸಾಲ್ಯಾಗ ಕುಂತ್ವಿ. ಬುಳುಬುಳು ನೀರಿ​ನ ಸಪ್ಪಳ, ತಲಿ ತಿಕ್ಕೋ ಸಪ್ಪಳ. ಒಮ್ಮೆಲೇ ಒಳಗಿಂದ ಹುಡುಗಿ ಅಳಕೊಂತ, ನಕ್ಕೊಂತ ಒದರಿದ್ಲು: "ಅಕ್ಕಾರ, ಐತಿ. ನನ್ನ ಕಾಲ ಬುಡಕ ಐತಿ. ಕೆರಿ ಕಟ್ಟಿಸಿದಾಕಿ ಹೆಸರು ಐತಿ."

ಅದರ ಬೆನ್ನಿಗೆ ಮುದುಕಿ ದನಿ ಕೇಳಿಸ್ತು. "ಕಣ್ಣ ಮುಚ್ಚ ಮೊದಲ. ಇಷ್ಟ ವರ್ಷ ಇಲ್ಲೇ ಬಿದ್ದಾಕಿ ಎಲ್ಲೂ ಓಡಿ ಹೋಗಂಗಿಲ್ಲ. ಸೀಗೀಕಾಯಿ ಕಣ್ಣಾಗ ಹೋಗತೈತಿ."