ಹುಡುಗಿಯ ನಕ್ಷತ್ರ ಒಡೆದಿದೆ

ಪ್ರಶ್ನೆ ಪೂರ್ತಿ ಅರ್ಥವಾಗುವ ಮೊದಲೇ ಉತ್ತರ ಕೊಡುವ ಚಾಳಿ ನನ್ನದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೂ ಅದರಿಂದಲೇ ಇರಬೇಕು. ಈಗ ನ್ಯಾಮತಿಯಲ್ಲಿ ಮನೆಗಳ ಮೇಲೆ ಟೀವಿ ಡಿಶ್ ಕೂರಿಸುತ್ತೇನೆ. ತಂಗಿ ಶೋಭಾ ಎಂಎಸ್ಸಿ ಓದುತ್ತಾಳೆ. ಅವಳ ಪ್ರಾಜೆಕ್ಟು ಒಡೆದುಹೋದ ನಕ್ಷತ್ರದ ಮೇಲೆ. ದೊಡ್ಡ ನಕ್ಷತ್ರ ಸಾಯುವಾಗ ಸಿಡಿಯುತ್ತದಂತೆ, ಅದರ ಉಳಿಕೆ ಸಾವಿರಾರು ವರ್ಷ ಹರಡುತ್ತಲೇ ಇರುತ್ತದಂತೆ. ಒಂದು ಭಾನುವಾರ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಮಾಮೂಲಿ ಬೆಳಕಿನ ಚಿತ್ರದಲ್ಲಿ ಬರೀ ಕಪ್ಪು. ರೇಡಿಯೋ ಅಲೆಯ ಚಿತ್ರದಲ್ಲಿ ಒಡೆದ ಬಳೆಯಂಥ ಉಂಗುರ. ಎಕ್ಸ್‌ರೇ ಚಿತ್ರದಲ್ಲಿ ಅದೇ ಜಾಗದಲ್ಲಿ ಕಾದ ಅನಿಲ. "ಒಂದೇ ಚಿತ್ರ ನಂಬಿದ್ರೆ ಮೋಸ ಹೋಗ್ತೀವಿ ಅಣ್ಣ. ಎಲ್ಲಾದ್ರಾಗೂ ಒಂದೇ ಮಾತು ಬಂದ್ರೇನೇ ಖಾತ್ರಿ" ಅಂದಳು. "ನಂದೂ ಅದೇ ಕೆಲ್ಸ ಬಿಡು" ಅಂದೆ. "ಇಲ್ಲಣ್ಣ. ಸಿಗ್ನಲ್ ಬಂದ ತಕ್ಷಣ ನೀನು ಏಣಿ ಇಳೀತೀಯ. ನಾವು ಆಮೇಲೇ ಶುರು ಮಾಡೋದು" ಅಂದಳು.

ಅದೇ ವಾರ ಜಗಳೂರಿನಿಂದ ಅವಳನ್ನು ನೋಡಲು ಬಂದರು. ಹುಡುಗ ಹೈಸ್ಕೂಲ್ ಮೇಷ್ಟ್ರು. ಮದುವೆಯಾದ ಮೇಲೂ ಓದಲಿ ಎಂದವನು ಇದುವರೆಗೆ ಬಂದವರಲ್ಲೆಲ್ಲ ಅವನೊಬ್ಬನೇ. ಶೋಭಾಗೂ ಮನಸ್ಸಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡಿರು ಎಂದು ಅವ್ವ ನನಗೆ ಮೂರು ಸಲ ಹೇಳಿದ್ದಳು. ಶೋಭಾ ಒಳಗೆ ಚಹಾ ಸೋಸುತ್ತಿದ್ದಳು. ಹುಡುಗನ ದೊಡ್ಡಪ್ಪ ಮಂಡಕ್ಕಿ ಮೆಲ್ಲುತ್ತಾ ನನ್ನ ಕಡೆ ತಿರುಗಿ, "ಹುಡುಗೀದು ಯಾವ ನಕ್ಷತ್ರನಪ್ಪ?" ಅಂದರು. ಗೊತ್ತಿರುವ ಪ್ರಶ್ನೆ ಬಂತೆಂದು ನನಗೆ ಖುಷಿ.

"ಅದು ಒಡೆದು ಸಾವಿರಾರು ವರ್ಷ ಆಯ್ತು ಯಜಮಾನ್ರೇ. ಕಣ್ಣಿಗೆ ಕಾಣಾಕಿಲ್ಲ. ಈಗ ಎಕ್ಸ್‌ರೇದಾಗೆ ಹುಡುಕ್ತಾ ಅವ್ಳೆ."

ದೊಡ್ಡಪ್ಪ ತಟ್ಟೆ ಕೆಳಗಿಟ್ಟರು. ಅವ್ವ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ. ಶೋಭಾ ಚಹಾ ಹಿಡಿದು ಹೊರಗೆ ಬಂದು, "ನಂದು ಸ್ವಾತಿ ರೀ. ಅದಿನ್ನೂ ಒಡೆದಿಲ್ಲ. ಅಣ್ಣ ಹೇಳಿದ್ದು ನನ್ನ ಪ್ರಾಜೆಕ್ಟಿಂದು" ಅಂದಳು. ಮೇಷ್ಟ್ರು ನಗು ತಡೆಯಲು ಹೋಗಿ ಕೆಮ್ಮಿದರು.

"ಒಡೆದಿದ್ದನ್ನ ಓದಿ ಏನು ಬಂತವ್ವ?" ಅಂದರು ದೊಡ್ಡಪ್ಪ.

"ನಿಮ್ಮ ರಕ್ತದಾಗೆ ಕಬ್ಬಿಣ ಐತಲ್ಲ, ಅದು ಅಂಥದ್ರಿಂದ್ಲೇ ಬಂದಿದ್ದು ರೀ."

ಅವರು ಒಂದು ಸಲ ತಮ್ಮ ಕೈ ನೋಡಿಕೊಂಡು, ವಿಚಾರಿಸಿ ಹೇಳ್ತೀವಿ ಎಂದು ಎದ್ದರು. ಕೆಟ್ಟಿತು ಅಂದುಕೊಂಡೆ. ಒಂದು ವಾರ ಅವ್ವ ನನ್ನ ತಟ್ಟೆಗೆ ರೊಟ್ಟಿಯನ್ನು ಬಡಿಸಲಿಲ್ಲ, ಎಸೆದಳು.

ಎಂಟನೇ ದಿನ ದೊಡ್ಡಪ್ಪನ ಫೋನು ಬಂತು. "ಹುಡುಗಿ ಡಿಗ್ರಿ ಓದಿದ ಹೊನ್ನಾಳಿ ಕಾಲೇಜಾಗೆ ಕೇಳಿದ್ವಿ, ನಿಮ್ಮ ಬೀದಿ ಚಹಾದಂಗಡ್ಯಾಗೆ ಕೇಳಿದ್ವಿ, ಚನ್ನಗಿರಿ ನಿಮ್ಮ ನೆಂಟರತ್ರಾನೂ ಕೇಳಿದ್ವಿ. ಹುಡುಗಿ ಬಗ್ಗೆ ಎಲ್ಲಾ ಕಡೆ ಒಂದೇ ಮಾತು. ನಮಗೆ ಒಪ್ಪಿಗೆ."

ಖುಷಿಗೆ ನನ್ನ ಬಾಯಿ ಮತ್ತೆ ತೆರೆಯಿತು. "ನನ್ನ ಬಗ್ಗೇನೂ ಕೇಳಿದ್ರಾ ಯಜಮಾನ್ರೇ?"

"ಕೇಳಿದ್ವಪ್ಪ. ನಿನ್ನ ಬಗ್ಗೇನೂ ಎಲ್ಲಾ ಕಡೆ ಒಂದೇ ಮಾತು."

ಏನೆಂದು ಕೇಳದೆ ಫೋನ್ ಇಟ್ಟೆ. ಮೂರು ಕಡೆಯೂ ಒಂದೇ ಬಂದಿದೆಯೆಂದರೆ ಖಾತ್ರಿಯೇ ಇರಬೇಕು.