ನಮ್ಮ ಭಾವನ ಸಂಗೀತ ತಪಾಸಣೆ

ಆ ಶನಿವಾರ ಬೆಳಿಗ್ಗೆ ಸಿಡ್ನಿಯ ಸಂಗೀತ ಕಾಲೇಜಿನ ಪುಟ್ಟ ಸಭಾಂಗಣದಲ್ಲಿ ಇದ್ದವರು ಒಟ್ಟು ಎಂಟು ಮಂದಿ. ಮೇಜಿನ ಹಿಂದೆ ಮೂವರು ಪರೀಕ್ಷಕರು. ಪಿಯಾನೋ ಮುಂದೆ ಹಂಗೇರಿ ದೇಶದಿಂದ ಬಂದು ನೆಲೆಸಿದ ಒಬ್ಬ ಅಜ್ಜಿ. ಪಿಟೀಲು ಹಿಡಿದು ಬೆವರುತ್ತಿದ್ದ ನನ್ನ ಅಕ್ಕನ ಮಗಳು ಪುಟ್ಟಿ. ಹಿಂದಿನ ಸಾಲಿನಲ್ಲಿ ಅಕ್ಕ, ಮೆಲ್ಬರ್ನಿನಿಂದ ವಿಮಾನ ಹತ್ತಿ ಬಂದ ನಾನು. ಎಂಟನೆಯವರು ನಮ್ಮ ಭಾವ.

ಭಾವನಿಗೆ ಸಂಗೀತ ಗೊತ್ತಿಲ್ಲ ಎಂದರೆ ಭಾವನಿಗೆ ಕೋಪ. ಗೊತ್ತಿದೆ ಎಂದರೆ ಸಂಗೀತಕ್ಕೆ ಕೋಪ! ಓಣಿಗೊಬ್ಬ ಗವಾಯಿ ಇರುವ ಧಾರವಾಡದಲ್ಲಿ ಹುಟ್ಟಿ ಬೆಳೆದು, ಒಂದೇ ಒಂದು ಸ್ವರವೂ ಮೈಗೆ ತಾಗದಂತೆ ಪಾರಾಗಿ ಬಂದ ಏಕೈಕ ಗಂಡಸು ಅವರೇ ಇರಬೇಕು. ಕೆಲಸ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯಲ್ಲಿ, ಮಾತ್ರೆಗಳ ತಪಾಸಣೆ. ದಿನವಿಡೀ ಒಡಕು ಮಾತ್ರೆ ಹುಡುಕಿ ಹುಡುಕಿ, ಈ ಲೋಕದಲ್ಲಿ ಒಡೆಯದೆ ಉಳಿದದ್ದು ಏನಾದರೂ ಇದೆಯೇ ಎಂಬ ಸಂಶಯ ಅವರಿಗೆ ಅಂಟಿಕೊಂಡಿತ್ತು. ಇಂಥವರ ಮಗಳಿಗೆ ಯೂರೋಪಿನ ಶಾಸ್ತ್ರೀಯ ಸಂಗೀತದ ಹುಚ್ಚು! ದೇವರಿಗೆ ತಮಾಷೆ ಗೊತ್ತಿಲ್ಲ ಅನ್ನುವವರು ಯಾರು?

ನಾನು ಓದಲು ಬಂದ ಹೊಸತರಲ್ಲಿ ಅವರ ಬ್ಲ್ಯಾಕ್‌ಟೌನ್ ಮನೆಯಲ್ಲೇ ಇದ್ದೆ. ಪುಟ್ಟಿ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದರೆ ಭಾವ ಗೋಡೆಯ ಈಚೆ ಡೈರಿ ಹಿಡಿದು ಕೂರುತ್ತಿದ್ದರು. ಕೀಚೆಂದಾಗೊಮ್ಮೆ ಒಂದು ಗೀಟು! ಕೊನೆಗೆ ಕೂಡಿಸಿ, "ಇವತ್ತ ಹದಿಮೂರು ಡಿಫೆಕ್ಟ್" ಎಂದು ಘೋಷಿಸುತ್ತಿದ್ದರು.

"ಮಗಳು ಪಿಟೀಲು ಬಾರಸ್ಲಿಕ್ಕತ್ತಾಳ್ರೀ, ಗುಳಿಗಿ ಮಾಡ್ಲಿಕ್ಕತ್ತಿಲ್ಲ!" ಎಂದು ಅಕ್ಕ ಅಡುಗೆಮನೆಯಿಂದ ಕೂಗುತ್ತಿದ್ದಳು.

"ನಿನ್ನಿ ಹತ್ತೊಂಬತ್ತಿದ್ವು. ಸುಧಾರಣಾ ಅದ ಅಂತ ಹೇಳ್ಲಿಕ್ಕತ್ತೇನಿ, ತಿಳೀತಿಲ್ಲೋ?"

ಶಾಲೆಯ ಮಕ್ಕಳಿಗೆ ಈ ಕಾಲೇಜಿನಲ್ಲಿ ಶನಿವಾರದ ಪಾಠ. ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಎಂಥಾ ಕಟ್ಟಡ! ಬುರುಜುಗಳಿರುವ ಕೋಟೆಯೇ ಸರಿ. ಒಳಗೆ ಹೋದಮೇಲೆ ತಿಳಿಯಿತು, ಇದು ಹಿಂದೆ ಗವರ್ನರನ ಕುದುರೆ ಲಾಯವಂತೆ! ಸುಮಾರು ನೂರು ವರ್ಷ ಕುದುರೆಗಳು ಹುಲ್ಲು ಮೆದ್ದಮೇಲೆ ಅವನ್ನು ಕಳಿಸಿ ಪಿಟೀಲುಗಳನ್ನು ಒಳಗೆ ಕರೆದರಂತೆ. ಭಾವ ಬಾಗಿಲಲ್ಲೇ ನಿಂತು ಎರಡು ಸಲ ಮೂಸಿದರು. "ವಾಸನಿ ಹೋಗೇದ" ಎಂದು ಪಾಸು ಮಾಡಿದರು. ನೆಲ ಅಗೆದಾಗ ಸಿಕ್ಕ ಹಳೆಯ ಚರಂಡಿಯನ್ನು ಜೋಪಾನ ಮಾಡಿದ್ದಾರೆಂದು ಯಾರೋ ತೋರಿಸಲು ಬಂದರೆ ಭಾವ ನನ್ನ ಕಡೆ ತಿರುಗಿ, "ತಮ್ಮಾ, ಹುಬ್ಬಳ್ಳ್ಯಾಗ ಇಂಥಾವು ಓಣಿಗೆ ನಾಕ್ ಅವ. ನಾವು ಮಂದೀನ ಕರದು ತೋರಸ್ತೇವೇನು?" ಅಂದರು!

ಇದಾದರೂ ಸಹಿಸಬಹುದಿತ್ತು. ಒಂದು ವರ್ಷ ಆಯುಧ ಪೂಜೆ ಶನಿವಾರವೇ ಬಂತು ನೋಡಿ! ಪುಟ್ಟಿ ನೀರು ಕುಡಿಯಲು ಹೋಗಿದ್ದಾಗ ಭಾವ ಅಭ್ಯಾಸದ ಕೋಣೆಗೆ ನುಗ್ಗಿ, ಜೇಬಿನಿಂದ ಪೊಟ್ಟಣ ತೆಗೆದು, ಕಾಲೇಜಿನ ಆ ದೊಡ್ಡ ಕಪ್ಪು ಪಿಯಾನೋಕ್ಕೆ ಅರಿಶಿನ ಕುಂಕುಮ ಬಳಿದು, ಮೂರೂ ಕಾಲಿಗೆ ಒಂದೊಂದು ನಿಂಬೆಹಣ್ಣು ಇಟ್ಟರು. ಬಾಗಿಲು ತೆರೆದ ಟೀಚರಮ್ಮ ಕೆಂಪು ಕಂಡದ್ದೇ ತಡ, ಯಾರಿಗೋ ಏಟು ಬಿದ್ದು ರಕ್ತ ಸುರಿದಿದೆ ಎಂದು ಕಿಟಾರನೆ ಕಿರುಚಿದರು. ಸೆಕ್ಯುರಿಟಿಯವರು ಓಡಿಬಂದರು. ಭಾವ ಕೈಮುಗಿದು ಶಾಂತವಾಗಿ ಹೇಳಿದರು: "ನೋ ಪ್ರಾಬ್ಲಂ ಮೇಡಂ. ಟುಡೇ ಮಷಿನ್ ಬರ್ತ್‌ಡೇ!"

ಪುಟ್ಟಿ ಅಳುತ್ತಾ, "ಅಪ್ಪಾ, ಪ್ಲೀಸ್! ಡೋಂಟ್ ಎವರ್ ಕಮ್ ನಿಯರ್ ದ ಪಿಯಾನೋ!" ಅಂದಳು. ಅಂದಿನಿಂದ ಭಾವನ ಜಾಗ ಕೋಣೆಯ ಕಟ್ಟಕಡೆಯ ಕುರ್ಚಿ. ಮುಖದ ಮೇಲೆ ಪೇಪರ್ ಹರಡಿಕೊಂಡು ಕೂತರೆ ಪಾಠ ಮುಗಿಯುವವರೆಗೂ ಅಲುಗಾಡುತ್ತಿರಲಿಲ್ಲ. ಎರಡು ವರ್ಷ ಹೀಗೇ ನಿದ್ದೆ ಹೊಡೆದರು ಎಂದೇ ನಾವೆಲ್ಲ ನಂಬಿದ್ದೆವು.

ಈಗ ಆ ಪರೀಕ್ಷೆಗೆ ಬರೋಣ. ಪದವಿ ತರಗತಿಗೆ ಸೀಟು ಸಿಗಬೇಕಾದರೆ ಈ ಇಪ್ಪತ್ತು ನಿಮಿಷ ಗೆಲ್ಲಬೇಕು. ಪುಟ್ಟಿಯದು ಬಾಯಿಪಾಠ. ಶನಿವಾರದ ಪಾಠಗಳಿಗೂ ಪಿಯಾನೋ ನುಡಿಸುತ್ತಿದ್ದ ಅಜ್ಜಿ ಮಾತ್ರ ಪುಸ್ತಕ ನೋಡಿ ನುಡಿಸಬೇಕು. ಪಾಠದಲ್ಲಾದರೆ ತಡೆದು ತಾವೇ ಹಾಳೆ ತಿರುವಿಕೊಳ್ಳುತ್ತಿದ್ದರು, ಇಲ್ಲಿ ನಡುವೆ ನಿಲ್ಲುವಂತಿಲ್ಲ. ಕೈಯೆರಡೂ ಬಿಡುವಿಲ್ಲದ್ದರಿಂದ ಪಕ್ಕದಲ್ಲಿ ಕೂತು ಹಾಳೆ ತಿರುವಲು ಒಬ್ಬರು ಬೇಕು. ಬರಬೇಕಾಗಿದ್ದ ವಿದ್ಯಾರ್ಥಿನಿ ಜ್ವರ ಎಂದು ಆಗಷ್ಟೇ ಫೋನ್ ಮಾಡಿದ್ದಳು. ಪರೀಕ್ಷಕರು ಗಡಿಯಾರ ನೋಡಿದರು. "ನೋಟೇಶನ್ ಓದಲು ಬರುವವರು ಯಾರಾದರೂ ಇದ್ದೀರಾ?" ಎಂದು ಅಜ್ಜಿ ಕೇಳಿದರು. ನಾನು ಬೂಟು ನೋಡಿಕೊಂಡೆ.

"ಐ ವಿಲ್ ಟರ್ನ್" ಎಂದು ಭಾವ ಎದ್ದರು.

"ಅಯ್ಯ, ಕೂಡ್ರಿ! ಮಗಳ ಬಾಳೇವು ಹಾಳ್ ಮಾಡ್ತೀರೇನ್ರೀ?" ಎಂದು ಅಕ್ಕ ಅಂಗಿ ಹಿಡಿದೆಳೆದಳು. ಪುಟ್ಟಿ ಬಿಳಿಚಿಕೊಂಡಳು. ಬೇರೆ ದಾರಿಯಿಲ್ಲದೆ ಅಜ್ಜಿ, "ನಾನು ತಲೆಯಾಡಿಸಿದಾಗ ತಿರುವಿ" ಅಂದರು. ಭಾವ, "ನಾಡ್ ನಾಟ್ ನೆಸೆಸರಿ ಮೇಡಂ" ಎಂದು ಬೆರಳನ್ನು ನಾಲಿಗೆಗೆ ತಾಗಿಸಿದರು! ಅಕ್ಕ ಕಣ್ಣು ಮುಚ್ಚಿದಳು.

ಮೊದಲ ಹಾಳೆ ತಿರುಗಿತು. ಸರಿಯಾಗಿ! ಎರಡನೆಯದೂ, ಮೂರನೆಯದೂ! ಅಜ್ಜಿ ತಲೆಯಾಡಿಸುವ ಮೊದಲೇ ಭಾವ ಎದ್ದು ನಿಂತಿರುತ್ತಿದ್ದರು. ನಾನು ಉಸಿರು ಬಿಡುವಷ್ಟರಲ್ಲಿ, ಅಯ್ಯೋ, ಮೂರು ಹಾಳೆಯನ್ನು ಒಟ್ಟಿಗೆ ಹಿಂದಕ್ಕೆ ಹೊರಳಿಸಿಬಿಟ್ಟರು! ಮುಗಿಯಿತು ಅಂದುಕೊಂಡೆ. ಆದರೆ ಅಜ್ಜಿಯ ಕೈ ನಿಲ್ಲಲಿಲ್ಲ, ಪುಟ್ಟಿಯ ಬಿಲ್ಲೂ ನಿಲ್ಲಲಿಲ್ಲ. ಅಲ್ಲಿಂದ ಮತ್ತೆ ಮೊದಲಿಂದಲೇ ನುಡಿಸಬೇಕಿತ್ತಂತೆ!

ಹೊರಗಿನ ಪಡಸಾಲೆಯಲ್ಲಿ ಪುಟ್ಟಿ ಅಪ್ಪನನ್ನು ಅಡ್ಡಗಟ್ಟಿದಳು. "ಹೌ ಡಿಡ್ ಯೂ ನೋ?"

"ನೀ ಉಸರು ಹಿಡದಲ್ಲೆ ಅಜ್ಜಿ ಹಾಳಿ ತಿರವತಾಳ. ನೀ ಮತ್ತ ಮೊದಲಿಂದ ಹಿಡದ್ರ ಆಕಿಗೂ ಮೊದಲಿನ ಹಾಳೀನ ಬೇಕಲ್ಲವಾ? ಎರಡು ವರ್ಷ ಕೇಳೇನಿ."

"ಬಟ್ ಯೂ ವರ್ ಸ್ಲೀಪಿಂಗ್!"

"ನಾ ನೋಡಿದ್ರ ನೀ ತಪ್ಪತಿದ್ದಿ. ಅದಕ್ಕ ಮಾರಿ ಮುಚ್ಕೋತಿದ್ನಿ."

ಅಕ್ಕ ಅವರ ಅಂಗಿಯ ಕಾಲರು ಸರಿಮಾಡಿದಳು.

ಪುಟ್ಟಿಗೆ ಸೀಟು ಸಿಕ್ಕಿತು. ಎರಡು ವರ್ಷದ ಮೇಲೆ ಮೆಲ್ಬರ್ನಿನಲ್ಲಿ ಅವಳದೊಂದು ಕಛೇರಿ ಗೊತ್ತಾಯಿತು. ಹಾಳೆ ತಿರುವಲು ಅಲ್ಲಿ ನೋಟೇಶನ್ ಬಲ್ಲವರು ಬೇಕಾದಷ್ಟು ಜನ ಇದ್ದರು. ಅವಳು ಬ್ಲ್ಯಾಕ್‌ಟೌನಿಗೆ ಫೋನ್ ಮಾಡಿ, "ಅಪ್ಪಾ, ಶುಕ್ರವಾರ ರಜಾ ಹಾಕು" ಎಂದಳು, ಕನ್ನಡದಲ್ಲೇ. ಆ ಶುಕ್ರವಾರ ಸಂಜೆ ನಾನು ಡಾಕ್‌ಲ್ಯಾಂಡ್ಸ್‌ನ ಆಫೀಸು ಮುಗಿಸಿ ಟ್ರ್ಯಾಮ್ ಹಿಡಿದು ಹೋಗುವಷ್ಟರಲ್ಲಿ ಭಾವ ಹೊಸ ಅಂಗಿ ತೊಟ್ಟು ಪಿಯಾನೋದ ಎಡಗಡೆ ಕೂತಿದ್ದರು.